ಬಿಟ್ಟುಹೋದವರು ಬರುವ ಬಾಗಿಲು

ವಾಣಿಜ್ಯ ಮಂಡಳಿಯ ಅಧ್ಯಕ್ಷರಾದ ಉಸ್ತಾದ್ ವಗ್ದಿ ಅವರೇ, ನಮ್ಮ ಬಿಸ್ಕತ್ತು ಕಾರ್ಖಾನೆಯ ಮಾಲೀಕರಾದ ಉಸ್ತಾದ್ ನಾದಿರ್ ಅವರೇ, ಮುಂದಿನ ಸಾಲಿನ ಅತಿಥಿಗಳೇ, ಹಿಂದಿನ ಸಾಲಿನಲ್ಲಿ ಕುಳಿತು ಆಗಲೇ ಊಟದ ಮೇಜಿನ ಕಡೆ ಕಣ್ಣು ಹಾಯಿಸುತ್ತಿರುವ ನನ್ನ ಪ್ಯಾಕಿಂಗ್ ವಿಭಾಗದ ಹೆಣ್ಣುಮಕ್ಕಳೇ, ಭಟ್ಟಿಯ ಗಂಡಸರೇ, ಸಭಿಕರೇ,

ನನ್ನ ಹೆಸರು ನಫೂಸಾ. ಕಾರ್ಖಾನೆಯಲ್ಲಿ ಎಲ್ಲರೂ ಉಮ್ಮ್ ರಿದಾ ಎನ್ನುತ್ತಾರೆ, ರಿದಾಳ ತಾಯಿ ಎಂದು. ಈ ಊರಿಗೆ, ಅಲೆಕ್ಸಾಂಡ್ರಿಯಾಕ್ಕೆ, ಮದುವೆಯಾಗಿ ಬಂದ ವರ್ಷವೇ ಪ್ಯಾಕಿಂಗ್ ಬೆಲ್ಟಿನ ಮುಂದೆ ಕುಳಿತವಳು ನಾನು. ಬರುವ ವಾರ ಏಳುತ್ತೇನೆ. ಅಷ್ಟು ಹೊತ್ತು ಒಂದೇ ಕಡೆ ಕುಳಿತವಳಿಗೆ ಮೈಕು ಕೊಟ್ಟರೆ ಏನಾಗುತ್ತದೆಂದು ಉಸ್ತಾದ್ ನಾದಿರ್ ಅವರಿಗೆ ಗೊತ್ತು. ಅದಕ್ಕೇ ಮೆಟ್ಟಿಲು ಹತ್ತುವಾಗ ಮೆಲ್ಲಗೆ ಹೇಳಿದರು, "ಚುಟುಕಾಗಿ, ಉಮ್ಮ್ ರಿದಾ, ಚುಟುಕಾಗಿ." ಆಗಲಿ ಎಂದೆ. ಆದರೆ ನಾನು ಹಳ್ಳಿಯಲ್ಲಿ ಬೆಳೆದವಳು. ನಮ್ಮ ಸೋದರತ್ತೆ ಉಪ್ಪು ಕೇಳಲು ಪಕ್ಕದ ಮನೆಗೆ ಹೋದರೂ ಸುಲ್ತಾನನ ಏಳು ಹೆಣ್ಣುಮಕ್ಕಳ ಕಥೆಯಿಂದ ಶುರುಮಾಡುತ್ತಿದ್ದಳು. ಆಕೆ ಉಪ್ಪು ತರುವ ಹೊತ್ತಿಗೆ ಮನೆಯಲ್ಲಿ ಸಪ್ಪೆ ಸಾರೇ ಉಂಡು ಮುಗಿಸಿರುತ್ತಿದ್ದೆವು. ರಕ್ತ ಅದೇ.

ನಿವೃತ್ತಿಗೆ ಏನು ಉಡುಗೊರೆ ಬೇಕು ಎಂದು ಉಸ್ತಾದ್ ನಾದಿರ್ ಹೋದ ವಾರ ಕೇಳಿದರು. ಗಡಿಯಾರವೋ? ಕಂಬಳಿಯೋ? ವೇದಿಕೆಯ ಮೇಲೆ ಹೇಳುತ್ತೇನೆ ಎಂದೆ. ಅವರು ನಕ್ಕರು. ಈಗ ಅಷ್ಟಾಗಿ ನಗುತ್ತಿಲ್ಲ. ಹೆದರಬೇಡಿ ಮಗನೇ, ಕೇಳುತ್ತೇನೆ. ಆದರೆ ಮೊದಲು ಈ ಫಲಕದ ವಿಚಾರ.

ಈ ಹಿತ್ತಾಳೆಯ ಫಲಕವನ್ನು ಮಂಡಳಿಯವರು ನಮಗೆ ಏಕೆ ಕೊಟ್ಟರು? ಅಧ್ಯಕ್ಷರು ಈಗಷ್ಟೇ ಓದಿ ಹೇಳಿದರು: ಇಲ್ಲಿ ಒಬ್ಬ ಕೆಲಸಗಾರ ಸರಾಸರಿ ಇಪ್ಪತ್ತೆರಡು ವರ್ಷ ಇರುತ್ತಾನೆ, ನಗರದ ಬೇರೆ ಯಾವ ಕಾರ್ಖಾನೆಯಲ್ಲೂ ಜನ ಇಷ್ಟು ಕಾಲ ನಿಲ್ಲುವುದಿಲ್ಲ, ಆದ್ದರಿಂದ ಇದು ಕೆಲಸ ಮಾಡಲು ಉತ್ತಮವಾದ ಜಾಗ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ತಟ್ಟುತ್ತಲೇ ಯೋಚಿಸಿದೆ: ಆ "ಆದ್ದರಿಂದ" ಎಲ್ಲಿಂದ ಬಂತು?

ಈ ಪ್ರಶ್ನೆ ನನ್ನದಲ್ಲ, ನನ್ನ ಮಗಳದು. ರಿದಾಳನ್ನು ನಾನೇ ಕೈಹಿಡಿದು ಕಾರ್ಖಾನೆಗೆ ಸೇರಿಸಿದ್ದೆ. ಒಂದು ವರ್ಷ ತುಂಬುವ ಮೊದಲೇ ಔಷಧದ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಹೋಗುತ್ತೇನೆ ಎಂದಳು. ನನಗೆ ಮೈಯೆಲ್ಲ ಉರಿಯಿತು.

"ಜನ ಏನಂತಾರೆ? ತಾಯಿ ಇಷ್ಟು ವರ್ಷ ಕೂತ ಜಾಗದಲ್ಲಿ ಮಗಳಿಗೆ ಒಂದು ವರ್ಷ ಕೂರೋಕಾಗ್ಲಿಲ್ವಾ ಅಂತಾರೆ. ಒಳ್ಳೇ ಜಾಗ ಕಣೇ ಅದು!"

"ಅಮ್ಮಾ, ಒಂದು ಕೇಳ್ತೀನಿ, ಕೋಪ ಮಾಡ್ಕೋಬಾರ್ದು. ಅದು ಒಳ್ಳೇ ಜಾಗ ಅಂತ ನೀನು ಉಳ್ಕೊಂಡ್ಯಾ? ಇಲ್ಲಾ, ಉಳ್ಕೊಂಡ್ಬಿಟ್ಟೆ ಅಂತ ಒಳ್ಳೇ ಜಾಗ ಅಂತೀಯಾ?"

ಸಭಿಕರೇ, ಕೈಯಲ್ಲಿ ಸೌಟು ಇತ್ತು. ಬೀಸಲಿಲ್ಲ. ಬೀಸಿದ್ದರೆ ಆ ಮಾತು ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಬೀಸಲಿಲ್ಲವಾದ್ದರಿಂದ ಅದು ತಲೆಯೊಳಗೇ ಉಳಿಯಿತು.

ಮಂಡಳಿಯಿಂದ ಮಿರ್ವತ್ ಎಂಬ ಹುಡುಗಿ ಲೆಕ್ಕ ಮಾಡಲು ಬಂದಾಗ, ಎಲ್ಲರ ವರ್ಷ ಕೂಡಿಸಿ ತಲೆಗೆ ಭಾಗಿಸುವುದನ್ನು ನೋಡಿದೆ. ಎಷ್ಟು ಕಾಲ ಎಂದು ಕೇಳುತ್ತಾಳೆ, ಏಕೆ ಎಂದು ಕೇಳುವುದಿಲ್ಲ. ಅದು ಅವಳ ಕೆಲಸವೂ ಅಲ್ಲ ಬಿಡಿ. ಆದರೆ ನನಗೆ ಕುತೂಹಲ ಹತ್ತಿಕೊಂಡಿತು. ಚಹಾ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಹಿಡಿದು ಕೇಳುತ್ತ ಹೋದೆ: ನೀನು ಏಕೆ ಉಳಿದೆ?

ಮೊದಲು ಸಿಕ್ಕಿದ್ದು ಭಟ್ಟಿಯ ಖೈರಿ ಮಾಮ. ಅಗೋ, ಕಂಬದ ಹಿಂದೆ ಅಡಗಿದ್ದಾರೆ. ಅವರೆಂದರು, "ನಮ್ಮನೆ ಹಿಂದಿನ ಗಲ್ಲೀಲಿದೆ ತಾಯಿ. ಮಧ್ಯಾಹ್ನ ಹೋಗಿ ಉಂಡು, ಒಂದು ಗಳಿಗೆ ಕಣ್ಣು ಮುಚ್ಚಿ ಬರ್ತೀನಿ. ಕಾರ್ಖಾನೆ ಕಾಲುವೆ ಆಚೆ ಕಡೆ ಇದ್ದಿದ್ರೆ ಎಂದೋ ಸಲಾಂ ಹೇಳ್ತಿದ್ದೆ."

ಉಸ್ತಾದ್ ನಾದಿರ್, ಆ ಕಣ್ಣು ಮುಚ್ಚುವ ಮಾತು ನಾನು ಹೇಳಲಿಲ್ಲ, ನೀವು ಕೇಳಲಿಲ್ಲ.

ಆಮೇಲೆ ನನ್ನ ಪಕ್ಕದಲ್ಲೇ ಕುಳಿತುಕೊಳ್ಳುವ ಇನ್ಶಿರಾಹ್. ಅವಳಂದಳು, "ಮನೇಲಿ ಅತ್ತೆ ಇದ್ರಲ್ಲ ಅಕ್ಕಾ! ಶುಕ್ರವಾರ ರಜಾ ಅಂದ್ರೆ ನಂಗೆ ಗುರುವಾರದಿಂದ್ಲೇ ತಲೆನೋವು."

"ಅವರು ತೀರಿಹೋಗಿ ಎಷ್ಟೋ ಕಾಲ ಆಯ್ತಲ್ಲೇ?"

"ಹೂಂ. ಈಗ ಮನೇಲಿ ಜಗಳಕ್ಕೂ ಜನ ಇಲ್ಲ. ಅದಕ್ಕೇ ನಿನ್ನ ಹತ್ರ ಬರ್ತೀನಿ."

ಮೂರನೆಯವನು ಯಂತ್ರ ನೋಡಿಕೊಳ್ಳುವ ಬೂಲಸ್. ಹಿಟ್ಟು ಕತ್ತರಿಸುವ ಆ ಹಳೆಯ ಇಟಲಿ ಯಂತ್ರದ ಹೊಟ್ಟೆಯೊಳಗಿನಿಂದ ತಲೆ ಹೊರಗೆ ಹಾಕಿ ಅವನೆಂದ, "ನಂಗೆ ಇದನ್ನ ಬಿಟ್ರೆ ಬೇರೆ ಮಷಿನ್ ಗೊತ್ತಿಲ್ಲ. ಇದಕ್ಕೆ ನನ್ನ ಬಿಟ್ರೆ ಬೇರೆ ಮನುಷ್ಯ ಗೊತ್ತಿಲ್ಲ. ನಮ್ಮ ಚರ್ಚಲ್ಲಿ ವಿಚ್ಛೇದನ ಎಷ್ಟು ಕಷ್ಟ ಅಂತ ನಿಂಗೆ ಗೊತ್ತಲ್ಲಮ್ಮಾ!"

ಹೀಗೆ ಕೇಳುತ್ತ ಹೋದೆ. ಒಬ್ಬಳಿಗೆ ಕಾರ್ಖಾನೆಯ ಮುಂದೆಯೇ ಟ್ರಾಮ್ ನಿಲ್ಲುತ್ತದೆ. ಒಬ್ಬನಿಗೆ ಬೇರೆ ಕಡೆ ಹೋಗಿ ಹೊಸಬನಾಗಲು ನಾಚಿಕೆ. ಇನ್ನೊಬ್ಬ, ಇಪ್ಪತ್ತು ವರ್ಷ ಇಲ್ಲಿ ದುಡಿದವನು, "ಅಯ್ಯೋ, ನಾನು ಬಿಡೋಣ ಅಂತಾನೇ ಇದೀನಿ" ಎಂದ. ಅವನ ಇಪ್ಪತ್ತು ವರ್ಷವೂ ಈ ಫಲಕದೊಳಗೆ ಸೇರಿದೆ! ಇದು ಒಳ್ಳೆಯ ಜಾಗ, ಅದಕ್ಕೇ ಉಳಿದೆ ಎಂದು ಒಬ್ಬರಾದರೂ ಹೇಳಿದರೇ? ಒಬ್ಬರೂ ಹೇಳಲಿಲ್ಲ. ಕೆಟ್ಟ ಜಾಗ ಎಂದರೇ? ಅದನ್ನೂ ಹೇಳಲಿಲ್ಲ. ಮದುವೆಯಾಗಿ ಬಹಳ ಕಾಲವಾದವರನ್ನು ಗಂಡ ಹೇಗೆ ಎಂದು ಕೇಳಿದರೆ ಹೇಗೆ ನೋಡುತ್ತಾರೋ ಹಾಗೆ ನನ್ನನ್ನು ನೋಡಿದರು.

ಗಂಡ ಎಂದ ಮೇಲೆ ನೆನಪಾಯಿತು. ನನ್ನ ಮಹ್ರೂಸ್, ದೇವರು ಅವರಿಗೆ ಶಾಂತಿ ಕೊಡಲಿ, ನನಗೆ ಪೂರ್ತಿ ಉಲ್ಟಾ. ಬಂದರಿನಲ್ಲಿದ್ದರು, ಟ್ರಾಮಿನಲ್ಲಿದ್ದರು, ಐಸ್ ಕಾರ್ಖಾನೆಯಲ್ಲಿದ್ದರು, ಮದುವೆಯ ಶಾಮಿಯಾನ ಹಾಕುತ್ತಿದ್ದರು. ಒಂದು ಕಡೆ ಮೇಸ್ತ್ರಿ ಕೂಗಾಡುತ್ತಾನೆ, ಇನ್ನೊಂದು ಕಡೆ ಮೇಸ್ತ್ರಿ ಮಾತೇ ಆಡುವುದಿಲ್ಲ. ಪ್ರತಿ ಸಲ ಕೆಲಸ ಬಿಟ್ಟು ಬಂದಾಗ ಮುಖ ಹೊಳೆಯುತ್ತಿತ್ತು, ಹೊಸ ಕೆಲಸಕ್ಕೆ ಸೇರಿದಾಗಲೂ ಹೊಳೆಯುತ್ತಿತ್ತು, ನಡುವೆ ಮಾತ್ರ ಕಪ್ಪಿಡುತ್ತಿತ್ತು. ಮಿರ್ವತ್ ಬಂದು ನಮ್ಮಿಬ್ಬರ ವರ್ಷ ಕೂಡಿಸಿ ಎರಡರಿಂದ ಭಾಗಿಸಿದ್ದರೆ ನಾವು ಬಹಳ ಸ್ಥಿರವಾದ ಕುಟುಂಬ ಎಂದು ಫಲಕ ಕೊಡುತ್ತಿದ್ದಳು. ಆದರೆ ಆ ಸರಾಸರಿಯಷ್ಟು ಕಾಲ ಒಂದೇ ಕಡೆ ಇದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಒಬ್ಬರು ಹೋಗುತ್ತಲೇ ಇದ್ದರೆ ಇನ್ನೊಬ್ಬರು ಉಳಿಯಲೇಬೇಕಲ್ಲ? ಇದನ್ನು ನಾನು ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂತು.

ನನಗೂ ಹೋಗುವ ಮನಸ್ಸು ಬಂದಿರಲಿಲ್ಲವೇ? ಬಂದಿತ್ತು. ಸಮುದ್ರದ ಹತ್ತಿರದ ಒಂದು ಶಿಶುವಿಹಾರದಲ್ಲಿ ಅಡುಗೆಗೆ ಕರೆದಿದ್ದರು. ಹೋಗುವುದೆಂದು ನಿಶ್ಚಯಿಸಿದ್ದೆ. ಅದೇ ಹೊತ್ತಿಗೆ ಇನ್ಶಿರಾಹ್ ಕೈ ಸುಟ್ಟುಕೊಂಡಳು, ಅವಳ ಜಾಗ ಒಂದು ವಾರ ನೋಡಿಕೊಂಡು ಹೋಗೋಣ ಎಂದುಕೊಂಡೆ. ಸಭಿಕರೇ, ಆ ವಾರ ಇನ್ನೂ ಮುಗಿದಿಲ್ಲ.

ಹಾಗಾದರೆ ಈ ಜಾಗ ಒಳ್ಳೆಯದೋ ಅಲ್ಲವೋ? ಉಳಿದವರನ್ನು ಕೇಳಿದರೆ ಗೊತ್ತಾಗುವುದಿಲ್ಲ. ಮತ್ತೆ ಯಾರನ್ನು ಕೇಳಬೇಕು?

ಇದನ್ನು ತಿಳಿದಿದ್ದವರು ಒಬ್ಬರಿದ್ದರು. ಉಸ್ತಾದ್ ನಾದಿರ್ ಅವರ ತಂದೆ, ನಮ್ಮ ಹಾಜಿ. ಅವರ ಕಾಲದಲ್ಲಿ ರಮದಾನ್ ಮುಗಿಯುತ್ತ ಬಂದಾಗ ಕಾರ್ಖಾನೆಯ ದೊಡ್ಡ ಬಾಗಿಲು ತೆರೆದಿಡುತ್ತಿದ್ದರು. ಹಬ್ಬದ ಕಹಕ್ ಬಿಸ್ಕತ್ತಿಗೆ ಎಲ್ಲರ ಮನೆಯಲ್ಲೂ ಹಿಟ್ಟು ನಾದುತ್ತೇವೆ, ತುಪ್ಪ ಸುರಿಯುತ್ತೇವೆ, ಚಿಮಟದಿಂದ ಚಿತ್ತಾರ ಒತ್ತುತ್ತೇವೆ, ಆದರೆ ಅಷ್ಟೊಂದು ಬೇಯಿಸುವ ಒಲೆ ಯಾರ ಮನೆಯಲ್ಲಿದೆ? ಬೇರೆ ಬೀದಿಗಳ ಹೆಂಗಸರು ಟ್ರೇ ತಲೆಯ ಮೇಲಿಟ್ಟುಕೊಂಡು ಬೇಕರಿಗೆ ಹೋಗುತ್ತಾರೆ. ನಮ್ಮ ಬೀದಿಯವರು ಕಾರ್ಖಾನೆಗೆ ಬರುತ್ತಿದ್ದರು. ಹಾಜಿಯ ನಿಯಮ ಒಂದೇ: ಇಲ್ಲಿ ಕೆಲಸ ಮಾಡುತ್ತಿರುವವರು, ಹಿಂದೆ ಯಾವಾಗಲಾದರೂ ಮಾಡಿದವರು, ಯಾರು ಬೇಕಾದರೂ ಟ್ರೇ ತರಬಹುದು. ಜಗಳವಾಡಿ ಹೋದವರೂ ತರಬಹುದು. ಅಷ್ಟೇ ಅಲ್ಲ, ಬಿಟ್ಟುಹೋದವರ ಟ್ರೇ ಮೊದಲು ಭಟ್ಟಿಗೆ ಹೋಗಬೇಕು. ನಮ್ಮದು ಆಮೇಲೆ.

ನಮಗೆ ಹೊಟ್ಟೆಕಿಚ್ಚು. ಇನ್ಶಿರಾಹ್ ಒಮ್ಮೆ ಬಾಯಿಬಿಟ್ಟೇ ಕೇಳಿದಳು, "ಇದ್ಯಾವ ನ್ಯಾಯ ಹಾಜಿ? ಇಲ್ಲೇ ಬೆವರು ಸುರಿಸೋರು ಹಿಂದೆ, ಓಡಿಹೋದೋರು ಮುಂದೆ?"

ಹಾಜಿ ಅಂದರು, "ನಿನ್ನ ಮಾತು ವರ್ಷವಿಡೀ ಕೇಳ್ತೀನಲ್ಲಮ್ಮಾ. ಅವ್ರ ಮಾತು ಇವತ್ತೊಂದೇ ದಿನ ಸಿಗೋದು."

ಮಾತು ಎಂದರೆ ಏನು? ಅವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಟ್ರೇ ಹಿಡಿದು ಬಂದ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅಲ್ಲಿ ಹೇಗಿದೆ?" ನೀನೇಕೆ ಹೋದೆ ಎಂದು ಕೇಳುತ್ತಿರಲಿಲ್ಲ. ಅಲ್ಲಿ ಹೇಗಿದೆ, ಅಷ್ಟೇ. ಟ್ರೇ ಬೇಯುವವರೆಗೆ ಹೇಗೂ ಕಾಯಬೇಕಲ್ಲ, ಜನ ಹೇಳುತ್ತಿದ್ದರು. ಸೋಪಿನ ಕಾರ್ಖಾನೆಗೆ ಹೋದವಳೊಬ್ಬಳು, "ಅಲ್ಲಿ ಕೂರೋಕೆ ಸ್ಟೂಲ್ ಕೊಡ್ತಾರೆ ಹಾಜಿ" ಎಂದಳು. ಹಬ್ಬ ಕಳೆದು ಕೆಲಸಕ್ಕೆ ಬಂದರೆ ಬೆಲ್ಟಿನ ಮುಂದೆ ಸಾಲಾಗಿ ಸ್ಟೂಲುಗಳು! ಅದಕ್ಕೆ ಮುಂಚೆ ನಾವು ನಿಂತೇ ಬಿಸ್ಕತ್ತು ಕಟ್ಟುತ್ತಿದ್ದೆವು; ಬಂದ ವರ್ಷವೇ ಕುಳಿತೆ ಎಂದೆನಲ್ಲ, ಅದು ಬರೀ ಮಾತಿಗೆ. ಹೊಸದಾಗಿ ಬಂದವರು ಆ ಸ್ಟೂಲುಗಳು ಆಕಾಶದಿಂದ ಇಳಿದವು ಎಂದುಕೊಂಡಿದ್ದಾರೆ.

ರಿದಾ ಕೆಲಸ ಬಿಟ್ಟ ವರ್ಷ ಅವಳೂ ಟ್ರೇ ತಂದಳು. ನಾನು ಒಳಗಿದ್ದೆ, ಅವಳ ಕಡೆ ಸರಿಯಾಗಿ ನೋಡಲಿಲ್ಲ. ಆದರೆ ಕಿವಿ ಅಲ್ಲೇ ಇತ್ತು.

"ಅಲ್ಲಿ ಹೇಗಿದೆ ಮಗಳೇ?"

"ಚೆನ್ನಾಗಿದೆ ಹಾಜಿ. ಅಲ್ಲಿ ಕಿಟಕಿ ಇದೆ."

"ಕಿಟಕೀನಾ?"

"ಹೂಂ. ಬೀದಿ ಕಾಣುತ್ತೆ. ಸಂಜೆ ಆಯ್ತು ಅಂತ ಗೊತ್ತಾಗುತ್ತೆ."

ಅಷ್ಟೇ ಮಾತು. ಹಬ್ಬ ಮುಗಿಸಿ ಬಂದರೆ ಪ್ಯಾಕಿಂಗ್ ವಿಭಾಗದ ಕಾಲುವೆಯ ಕಡೆಯ ಗೋಡೆಗೆ ಗಾರೆಯವರು ಸುತ್ತಿಗೆ ಹಾಕುತ್ತಿದ್ದರು. ಇವತ್ತಿಗೂ ನನ್ನ ಜಾಗದ ಮೇಲೆ ಆ ಕಿಟಕಿ ಇದೆ. ಸಂಜೆಯ ಬಿಸಿಲು ನೇರವಾಗಿ ನನ್ನ ಕೈಮೇಲೆ ಬೀಳುತ್ತದೆ. ಸಭಿಕರೇ, ಉಳಿದು ಉಳಿದು ನನ್ನಿಂದ ಆ ಗೋಡೆಯಲ್ಲಿ ಒಂದು ತೂತು ಕೊರೆಯಲಾಗಲಿಲ್ಲ. ನನ್ನ ಮಗಳು ಬಿಟ್ಟುಹೋಗಿ ಕಿಟಕಿ ತೆರೆಸಿದಳು. ಅವಳೊಂದಿಗೆ ಮತ್ತೆ ನೆಟ್ಟಗೆ ಮಾತಾಡಿದ್ದು ಆ ಬಿಸಿಲು ಮೊದಲ ಸಲ ಕೈಮೇಲೆ ಬಿದ್ದ ದಿನ. ಕರೆದು, "ಸಂಜೆ ಆಯ್ತು ಅಂತ ಗೊತ್ತಾಯ್ತು ಕಣೇ" ಎಂದೆ. ಇಬ್ಬರೂ ಅತ್ತೆವು. ಇದನ್ನೂ ಹೇಳಬೇಕೆಂದಿರಲಿಲ್ಲ.

ಆ ದಿನಗಳಲ್ಲಿ ಇನ್ನೊಂದು ನಡೆಯುತ್ತಿತ್ತು. ಟ್ರೇ ತಂದವರು ಒಬ್ಬರೇ ಬರುತ್ತಿರಲಿಲ್ಲ. ನಾದಿನಿ ಬರುತ್ತಿದ್ದಳು, ತಂಗಿ ಬರುತ್ತಿದ್ದಳು, ಪಕ್ಕದ ಮನೆಯ ಹುಡುಗಿ ಬರುತ್ತಿದ್ದಳು. ಕಾಯುತ್ತ ಕುಳಿತು ಒಳಗೆ ಇಣುಕುತ್ತಿದ್ದರು. ಯಾರು ನಗುತ್ತಾರೆ, ಯಾರು ಸಿಡುಕುತ್ತಾರೆ, ಎಲ್ಲ ನೋಡುತ್ತಿದ್ದರು. ಹಬ್ಬದ ಮಾರನೆ ವಾರ ಅವರಲ್ಲಿ ಇಬ್ಬರು ಮೂವರು ಕೆಲಸ ಕೇಳಿಕೊಂಡು ಬರುತ್ತಿದ್ದರು. ನಮ್ಮ ಎರಡನೇ ಬೆಲ್ಟಿನ ಅರ್ಧ ಜನ ಹಾಗೆ ಬಂದವರೇ. ಬಿಟ್ಟುಹೋದವರೇ ಕರೆತಂದವರು!

ಹಾಜಿ ತೀರಿಕೊಂಡರು. ಉಸ್ತಾದ್ ನಾದಿರ್ ಬಂದರು. ಒಳ್ಳೆಯ ಮನುಷ್ಯ, ಮುಖದೆದುರು ಹೊಗಳುವುದು ಬೇಡ, ಫ್ಯಾನು ಹಾಕಿಸಿದರು, ಹೆರಿಗೆ ರಜೆಗೆ ಒಂದು ದಿನವೂ ತಕರಾರು ಮಾಡಲಿಲ್ಲ. ಆದರೆ ಆರೋಗ್ಯ ಇಲಾಖೆಯವರು ಬಂದು, ಹೊರಗಿನ ಹಿಟ್ಟು ಕಾರ್ಖಾನೆಯ ಭಟ್ಟಿಗೆ ಬರಬಾರದು ಎಂದರು. ನ್ಯಾಯವೇ. ಇವರು ಬಾಗಿಲು ಮುಚ್ಚಿದರು. ಬದಲಿಗೆ ನಮಗೆಲ್ಲ ಹಬ್ಬಕ್ಕೆ ಡಬ್ಬಿ ತುಂಬ ಕಹಕ್ ಕೊಡುತ್ತಾರೆ, ರಿಬ್ಬನ್ ಕಟ್ಟಿ. ರುಚಿಯಾಗಿರುತ್ತದೆ. ಬಿಟ್ಟುಹೋದವರಿಗೆ ಡಬ್ಬಿ ಇಲ್ಲ. ಅವರು ಏಕೆ ಬರುತ್ತಾರೆ?

ಈಗ ನಾನು ಕಂಡುಕೊಂಡದ್ದನ್ನು ಕೇಳಿ. ಮಿರ್ವತ್ ಲೆಕ್ಕ ಮುಗಿಸಿ ಸಂತೋಷದಿಂದ ಹೇಳಿದಳು, "ಅತ್ತೆ, ನಿಮ್ಮ ಸರಾಸರಿ ಪ್ರತಿ ವರ್ಷ ಏರುತ್ತಲೇ ಇದೆ! ಆರು ವರ್ಷದ ಹಿಂದೆ ಹದಿನಾರೋ ಹದಿನೇಳೋ ಇತ್ತು. ಆಮೇಲೆ ವರ್ಷಕ್ಕೊಂದು ಏರಿದೆ ನೋಡಿ!"

ನಾನೂ ಸಂತೋಷಪಟ್ಟೆ. ಬೆಲ್ಟಿಗೆ ಹೋಗಿ ಕುಳಿತೆ. ಬಿಸಿಲು ಕೈಮೇಲೆ ಬಿತ್ತು. ಆಗ ಹೊಳೆಯಿತು: ವರ್ಷಕ್ಕೊಂದು ಏರುವುದು ಯಾವುದು? ವಯಸ್ಸು! ಹೊಸಬರು ಯಾರೂ ಬರದಿದ್ದರೆ, ಇದ್ದವರಿಗೆಲ್ಲ ಒಂದೊಂದು ವರ್ಷ ಕೂಡುತ್ತದೆ, ಸರಾಸರಿಯೂ ಒಂದು ವರ್ಷ ಏರುತ್ತದೆ. ಏರಲು ಶುರುವಾದದ್ದು ಯಾವಾಗ? ಬಾಗಿಲು ಮುಚ್ಚಿದ ವರ್ಷ. ಸಭಿಕರೇ, ಈ ಫಲಕ ನಮಗೆ ಬಂದಿರುವುದು ನಾವು ಒಳ್ಳೆಯವರಾಗಿದ್ದಕ್ಕಲ್ಲ. ನಾವು ಮುದುಕರಾಗಿದ್ದಕ್ಕೆ!

ನಗಿ, ನಗಿ. ನಾನೂ ಒಬ್ಬಳೇ ನಕ್ಕೆ. ಏನಾಯ್ತು ಎಂದು ಇನ್ಶಿರಾಹ್ ಕೇಳಿದಳು. ಅವಳಿಗೆ ಹೇಳಿದಾಗ ಅವಳು ನಗಲಿಲ್ಲ. ನಿಂತುಹೋದ ಮೂರನೇ ಬೆಲ್ಟಿನ ಕಡೆ ನೋಡಿದಳು. ಅಲ್ಲಿ ಕೂರಲು ಜನ ಇಲ್ಲ. ಉಸ್ತಾದ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಕೆಲವು ಹುಡುಗಿಯರು ಬಂದರು, ಬಾಗಿಲಲ್ಲಿ ನಿಂತು ಒಳಗೆ ನೋಡಿದರು, ಎಲ್ಲ ಅವರವರ ಅಜ್ಜಿಯರ ಮುಖ. ಸಲಾಂ ಹೇಳಿ ಹೊರಟರು. ನಾವೆಲ್ಲ ಹೆಚ್ಚು ಕಡಿಮೆ ಒಟ್ಟಿಗೆ ಸೇರಿದವರು, ಹೆಚ್ಚು ಕಡಿಮೆ ಒಟ್ಟಿಗೇ ಏಳುತ್ತೇವೆ. ಈ ವರ್ಷ ನಾನು. ಮುಂದಿನ ವರ್ಷ ಇನ್ಶಿರಾಹ್, ಖೈರಿ ಮಾಮ. ಬೂಲಸ್ ಎದ್ದ ದಿನ ಯಂತ್ರ ವಿಧವೆಯಾಗುತ್ತದೆ. ಆಮೇಲೆ, ಮಿರ್ವತ್ ಮಗಳೇ, ಕೂಡಿಸಲು ವರ್ಷಗಳೂ ಇರುವುದಿಲ್ಲ, ಭಾಗಿಸಲು ತಲೆಗಳೂ ಇರುವುದಿಲ್ಲ.

ಇದನ್ನು ಉಸ್ತಾದ್ ನಾದಿರ್ ಅವರಿಗೆ ಹೇಳಲು ಹೋದೆ. ಅವರಿಗೆ ಆಗ ಬೇರೆ ಚಿಂತೆ. "ಉಮ್ಮ್ ರಿದಾ, ಫಲಕ ಬರೋತನಕ ನಿವೃತ್ತಿ ಮುಂದಕ್ಕೆ ಹಾಕ್ಕೊಳ್ಳಿ. ನೀವು ಹೋದ್ರೆ ಸರಾಸರಿ ಬಿದ್ದುಹೋಗುತ್ತೆ" ಎಂದರು. ಹಾಕಿಕೊಂಡೆ. ನನ್ನ ಜೀವನದಲ್ಲಿ ಮೊದಲ ಸಲ ಅಷ್ಟು ತೂಕದವಳಾದೆ.

ನಮ್ಮ ಹಳ್ಳಿ ನೈಲ್ ನದಿಯ ಡೆಲ್ಟಾದಲ್ಲಿ, ದಸೂಕ್ ಹತ್ತಿರ. ಅಪ್ಪನಿಗೆ ಮಣ್ಣಿನ ಪಾರಿವಾಳದ ಗೋಪುರ ಇತ್ತು. ಪಕ್ಕದ ಮನೆಯ ಹಮ್ಮಾದನಿಗೂ ಒಂದು ಇತ್ತು. "ನನ್ನ ಗೋಪುರದಿಂದ ಒಂದು ಹಕ್ಕಿಯೂ ಹೋಗಿಲ್ಲ ಕಣಯ್ಯಾ" ಎಂದು ಹಮ್ಮಾದ ದಿನಾ ಜಂಬ ಕೊಚ್ಚುತ್ತಿದ್ದ. ಅವನು ಗೂಡಿನ ಬಾಯಿಗಳಿಗೆಲ್ಲ ಬಲೆ ಕಟ್ಟಿದ್ದ. ಅಪ್ಪ ಅಂದ, "ಬಲೆ ಬಿಚ್ಚಿ ಆಮೇಲೆ ಲೆಕ್ಕ ಹೇಳು ಮಾರಾಯ." ಅಪ್ಪನ ಹಕ್ಕಿಗಳು ಬೆಳಿಗ್ಗೆ ಎದ್ದು ಎಲ್ಲೆಲ್ಲೋ ಹೋಗುತ್ತಿದ್ದವು. ಕೆಲವು ಬರುತ್ತಲೇ ಇರಲಿಲ್ಲ. ಬಂದವು ಎಷ್ಟೋ ಸಲ ಯಾರದ್ದೋ ಗೋಪುರದ ಒಂದು ಹೊಸ ಹಕ್ಕಿಯನ್ನು ಬೆನ್ನ ಹಿಂದೆ ಕರೆದುಕೊಂಡು ಬರುತ್ತಿದ್ದವು. ಹಮ್ಮಾದನಿಗೆ ಬಂದ ಸಿಟ್ಟು ನೋಡಬೇಕಿತ್ತು, ಹಾಗೆ ಬಂದವುಗಳಲ್ಲಿ ಅರ್ಧ ಅವನ ಮಾವನ ಹಕ್ಕಿಗಳು.

ಉಸ್ತಾದ್ ನಾದಿರ್, ಈಗ ನನ್ನ ಉಡುಗೊರೆ. ಗಡಿಯಾರ ಬೇಡ, ಕಂಬಳಿ ಬೇಡ. ಬರುವ ರಮದಾನಿನ ಕೊನೆಗೆ ಬಾಗಿಲು ತೆರೆಯಿರಿ. ಇಲಾಖೆಯವರ ಮಾತೂ ಮೀರುವುದು ಬೇಡ. ಹಿತ್ತಲಲ್ಲಿ ನಿಮ್ಮ ಅಜ್ಜ ಕಟ್ಟಿಸಿದ ಇಟ್ಟಿಗೆಯ ಭಟ್ಟಿ ಇದೆ, ಅದರೊಳಗೆ ಈಗ ಬೆಕ್ಕು ಮರಿ ಹಾಕುತ್ತದೆ. ಅದು ಕಾರ್ಖಾನೆಗೆ ಸೇರಿದ್ದಲ್ಲ, ಬೆಕ್ಕಿಗೆ ಸೇರಿದ್ದು. ಖೈರಿ ಮಾಮ ಗುಡಿಸಿ ಬೆಂಕಿ ಹಾಕಿಕೊಡುತ್ತೇನೆ ಎಂದಿದ್ದಾರೆ, ಆ ದಿನ ಎರಡೂ ಕಣ್ಣು ತೆರೆದಿಟ್ಟುಕೊಂಡು.

ಉಸ್ತಾದ್ ತಲೆ ಆಡಿಸುತ್ತಿದ್ದಾರೆ. ಆಗಲಿ ಎಂದೋ ಸಾಕು ಎಂದೋ ಇಲ್ಲಿಂದ ಕಾಣುತ್ತಿಲ್ಲ, ದೀಪ ಕಣ್ಣಿಗೆ ಹೊಡೆಯುತ್ತಿದೆ. ಈಗ ಹೇಳಬೇಡಿ ಮಗನೇ. ಚಪ್ಪಾಳೆಯ ನಡುವೆ ಕೊಟ್ಟ ಮಾತು ನನಗೆ ಬೇಡ.

ಸಭಿಕರೇ, ಇದು ಒಳ್ಳೆಯ ಜಾಗವೇ ಎಂದು ನನ್ನ ಮಗಳು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇವತ್ತು ಉತ್ತರವಿಲ್ಲ. ಒಳಗಿದ್ದಷ್ಟು ಕಾಲ ಗೊತ್ತಾಗಲಿಲ್ಲ. ಇನ್ನು ಹೊರಗೆ ಹೋಗಿ ನೋಡುತ್ತೇನೆ. ಹಬ್ಬಕ್ಕೆ ಎರಡು ದಿನ ಇರುವಾಗ ನಾನು ಕಹಕ್ ಒತ್ತಿ, ಟ್ರೇ ತಲೆಯ ಮೇಲಿಟ್ಟು, ರಿದಾಳನ್ನು ಕರೆದುಕೊಂಡು, ಆ ದೊಡ್ಡ ಬಾಗಿಲ ಮುಂದೆ ಬಂದು ನಿಲ್ಲುತ್ತೇನೆ. ಈ ಸಲ ನಾನು ಬಿಟ್ಟುಹೋದವರ ಸಾಲಿನವಳು. ನನ್ನ ಟ್ರೇಯೇ ಮೊದಲು ಹೋಗಬೇಕು, ಇನ್ಶಿರಾಹ್ ಎಷ್ಟು ಬೇಕಾದರೂ ಬೈಯಲಿ. ಬಾಗಿಲು ಮುಚ್ಚಿದ್ದರೆ ಮಂಡಳಿಯವರ ಫಲಕಕ್ಕೆ ನಮಸ್ಕರಿಸಿ ಬೇಕರಿಗೆ ಹೋಗುತ್ತೇನೆ. ತೆರೆದಿದ್ದರೆ ಅಲ್ಲೊಂದು ಕುರ್ಚಿ ಇರಲಿ. ಕುರ್ಚಿಯ ಮೇಲೆ ಯಾರಾದರೂ ಕುಳಿತು, "ಅಲ್ಲಿ ಹೇಗಿದೆ, ಉಮ್ಮ್ ರಿದಾ?" ಎಂದು ನನ್ನನ್ನು ಕೇಳಲಿ.

ಕೇಳಿದರೆ ಹೇಳಲು ಬಹಳ ಇರುತ್ತದೆ. ಟ್ರೇ ಬೇಯುವವರೆಗೆ ನನಗೂ ಸಮಯವಿರುತ್ತದೆ, ಆ ದಿನ ಚುಟುಕಾಗಿ ಎಂದು ಯಾರೂ ಹೇಳುವಂತಿಲ್ಲ.

ಇಷ್ಟು ಹೊತ್ತು ಹಸಿವು ಅದುಮಿಕೊಂಡು ಕೇಳಿದ ನಿಮಗೆಲ್ಲ, ನನ್ನ ಕೈಮೇಲೆ ಬಿಸಿಲು ಬೀಳಿಸಿ ಹೋದ ಹಾಜಿಗೆ, ಬಿಟ್ಟುಹೋಗಿ ಒಳ್ಳೆಯದು ಮಾಡಿದ ಎಲ್ಲರಿಗೂ ನನ್ನ ಧನ್ಯವಾದ. ನಮಸ್ಕಾರ.